ಬೆಸುಗೆಯ ಯಂತ್ರ: ಬೆಲೆಯೆಷ್ಟು, ಬಲವೆಷ್ಟು?

ಕಬ್ಬಿಣದ ಪಟ್ಟಿಗಳನ್ನು ಬೆಸೆದು ಹೂಕುಂಡದ ಅಡ್ಡಣಿಗೆಯನ್ನೋ ಪುಸ್ತಕದ ಕಪಾಟನ್ನೋ ಸ್ವಹಸ್ತದಿಂದ ಮಾಡುವ ಹವ್ಯಾಸ ನಮಗೂ ಉಂಟು. ಇದಕ್ಕಾಗಿ ಅಂಗಡಿಗೆ ಹೋದಾಗ ಎರಡು ಇನ್ವರ್ಟರ್ ಯಂತ್ರಗಳನ್ನು ಕಂಡೆವು. ಅಗ್ಗದುದರ ಮೇಲೆ ದಪ್ಪಕ್ಷರಗಳಲ್ಲಿ 200 ಆಂಪಿಯರ್ ಎಂದಿತ್ತು; ಅದರ ಇಮ್ಮಡಿ ಬೆಲೆಯುಳ್ಳದರ ಮೇಲೆ ಕೇವಲ 140. ಭೌತಶಾಸ್ತ್ರದ ಅಧ್ಯಾಪಕರಾದ ನಾವು ಹಿಂದುಮುಂದು ನೋಡದೆ ಅಗ್ಗದುದನ್ನೇ ಹೊತ್ತು ತಂದೆವು! ಗುಂಡಿಯನ್ನು ಕೊನೆಯವರೆಗೆ ತಿರುಗಿಸಿ ಬೆಸೆಯತೊಡಗಿದರೆ, ಎರಡು ನಿಮಿಷ ತುಂಬುವ ಮೊದಲೇ ಹಳದಿ ದೀಪ ಹೊತ್ತಿ ಯಂತ್ರವು ವಿಶ್ರಾಂತಿಗೆ ತೊಡಗಿತು. ನೇರಪ್ರವಾಹವನ್ನಳೆಯುವ ಕ್ಲಾಂಪ್ ಮೀಟರನ್ನು ತಂದು ಅಳೆದಾಗ ದೊರೆತದ್ದು 118 ಆಂಪಿಯರ್.

ತರಗತಿಯಲ್ಲಿ ದಿನವೂ ಹೇಳುವ ಲೆಕ್ಕವನ್ನು ಅಂಗಡಿಯಲ್ಲಿಯೇ ಮಾಡಬಹುದಿತ್ತು. ಕಡ್ಡಿಯ ಬೆಸುಗೆಯಲ್ಲಿ 200 ಆಂಪಿಯರ್ ಹರಿಯುವಾಗ ವಿದ್ಯುತ್ ಚಾಪಕ್ಕೆ ಸುಮಾರು 28 ವೋಲ್ಟ್ ಬೇಕು. ಇವೆರಡರ ಗುಣಲಬ್ಧ 5,600 ವಾಟ್. ಯಂತ್ರದೊಳಗಿನ ನಷ್ಟವನ್ನು ಗಣಿಸದಿದ್ದರೂ, 230 ವೋಲ್ಟಿನ ಮನೆಯ ತಂತಿಯಿಂದ ಅದು 24 ಆಂಪಿಯರಿಗೂ ಹೆಚ್ಚು ಸೆಳೆಯಬೇಕು. ಗೋಡೆಯ ದೊಡ್ಡ ಸಾಕೆಟ್ಟಾದರೋ 16 ಆಂಪಿಯರಿನದು. ಎಂದಮೇಲೆ ಆ 200 ಎಂಬ ಅಂಕೆಯು ನಿಜವೇ ಆಗಿದ್ದರೂ ನಮ್ಮ ಮನೆಯಲ್ಲಿ ಅದು ನಿರುಪಯುಕ್ತ.

ಬೆಲೆಯ ಅಂತರವು ಬಹುಮಟ್ಟಿಗೆ ಅಡಗಿರುವುದು ಶಾಖವನ್ನು ಹೊರದೂಡುವ ಸಾಮರ್ಥ್ಯದಲ್ಲಿ. 40 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಪ್ರತಿ ಹತ್ತು ನಿಮಿಷಗಳಿಗೆ ಎಷ್ಟು ನಿಮಿಷ ಯಂತ್ರವು ಎಡೆಬಿಡದೆ ಬೆಸೆಯಬಲ್ಲದೆಂಬುದನ್ನು ಡ್ಯೂಟಿ ಸೈಕಲ್ ಎನ್ನುವರು. ತಂತಿಯಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ, 140 ಆಂಪಿಯರಿನಲ್ಲಿ ಮೂರು ನಿಮಿಷ ದುಡಿಯುವ ಯಂತ್ರವು 80 ಆಂಪಿಯರಿನಲ್ಲಿ ಸುಮಾರು ಒಂಬತ್ತು ನಿಮಿಷ ದುಡಿದೀತು. (ಟ್ರಾನ್ಸಿಸ್ಟರುಗಳ ನಷ್ಟ ಈ ನಿಯಮವನ್ನು ಪೂರ್ಣವಾಗಿ ಪಾಲಿಸದು, ಆದರೂ ಅಂದಾಜಿಗೆ ಇಷ್ಟು ಸಾಕು.) 2.5 ಮಿಲಿಮೀಟರಿನ ಕಡ್ಡಿಗೆ 80 ಆಂಪಿಯರ್ ಧಾರಾಳವಾಗಿ ಸಾಕು. ಹವ್ಯಾಸಿಯಾದರೋ ಒಂದು ಕಡ್ಡಿ ಮುಗಿದೊಡನೆ ಕಿಟ್ಟವನ್ನು ತಟ್ಟಿ ತೆಗೆದು ಮುಂದಿನ ತುಂಡನ್ನು ಹೊಂದಿಸಲು ಹೊತ್ತು ಕಳೆಯುತ್ತಾನೆ. ಕಾರ್ಖಾನೆಯವರಂತೆ ದಿನವಿಡೀ ಬೆಸೆಯುವ ಯಂತ್ರಕ್ಕೆ ಆತನು ಹಣ ಸುರಿಯಬೇಕಾಗಿಲ್ಲ. ಆದರೆ ಡ್ಯೂಟಿ ಸೈಕಲ್ಲನ್ನೂ ಒಳಸೆಳೆಯುವ ಪ್ರವಾಹವನ್ನೂ ನಮೂದಿಸದ ಯಂತ್ರವನ್ನು, ಅದೆಷ್ಟೇ ಅಗ್ಗವಾಗಿರಲಿ, ಅಂಗಡಿಯಲ್ಲೇ ಬಿಟ್ಟು ಬರುವುದು ಲೇಸು.

ತಂತಿಗಳನ್ನೂ ಪರೀಕ್ಷಿಸಬೇಕು. ನಮಗೆ ದೊರೆತ ತಂತಿಗಳನ್ನು ಕತ್ತರಿಸಿದಾಗ ತಾಮ್ರದ ತೆಳುಲೇಪದೊಳಗೆ ಅಲ್ಯೂಮಿನಿಯಮ್ ಕಂಡಿತು. ಅದರ ವಿಶಿಷ್ಟರೋಧವು ತಾಮ್ರದ ಒಂದೂವರೆಪಟ್ಟಿಗೂ ಮಿಗಿಲು.

ಚೌಕಾಸಿ ಸಲ್ಲದ ಸ್ಥಳವೊಂದಿದೆ: ಕಣ್ಣು. ಚಾಪದ ಅತಿನೇರಳೆ ಕಿರಣಗಳು ಕ್ಷಣಮಾತ್ರದಲ್ಲಿ ಕಣ್ಣಿನ ಹೊರಪೊರೆಯನ್ನು ಸುಡುತ್ತವೆ. ಮರಳು ಬಿದ್ದಂಥ ಉರಿ ಕಾಣಿಸಿಕೊಳ್ಳುವುದು ಎಷ್ಟೋ ಗಂಟೆಗಳ ಅನಂತರ. ಯಂತ್ರದೊಡನೆ ಪುಕ್ಕಟೆಯಾಗಿ ಬರುವ ಕೈಗನ್ನಡಿಯಂಥ ಫಲಕವನ್ನು ನಾವು ಬದಿಗಿಟ್ಟು, ಪ್ರಮಾಣೀಕೃತವಾದ ಮುಖಕವಚವನ್ನೇ ಕೊಂಡೆವು.

ಅಗ್ಗದ ಯಂತ್ರವು ಈಗಲೂ ನಮ್ಮಲ್ಲಿದೆ. ತಂತಿಗಳನ್ನು ಬದಲಿಸಿ, ಗುಂಡಿಯನ್ನು 80ರ ಆಸುಪಾಸಿನಲ್ಲಿ ನಿಲ್ಲಿಸಿದ್ದೇವೆ. ಇಷ್ಟೆಲ್ಲ ಖರ್ಚನ್ನು ಕೂಡಿಸಿದರೆ 140 ಎಂದು ಬರೆದಿದ್ದ ಯಂತ್ರದ ಬೆಲೆಗೆ ಬಹಳ ದೂರವೇನೂ ಉಳಿದಿಲ್ಲ. ಪುಸ್ತಕದ ಕಪಾಟಿಗೆ ನಾಲ್ಕನೆಯ ಕಾಲು ಮಾತ್ರ ಇನ್ನೂ ಆಗಬೇಕಾಗಿದೆ.