‘ಬೋರು’ ಎಂದರೆ ಸಾಲದು

ಒಂಬತ್ತನೇ ತರಗತಿಗೆ ವಿಮರ್ಶೆ ಬರೆಯುವುದನ್ನು ಕಲಿಸಲು ನಾನು ಆರಿಸಿಕೊಂಡದ್ದು ಪುಸ್ತಕವನ್ನಲ್ಲ, ಸೋತ ವಿಡಿಯೊ ಗೇಮೊಂದನ್ನು: 1982ರಲ್ಲಿ ಅಟಾರಿ ಕಂಪನಿ ತಂದ ‘ಇ.ಟಿ.’. ಮಕ್ಕಳು ಹಿಡಿಸದ ಆಟವನ್ನು ‘ಬೋರು’ ಎಂದು ಅಲ್ಲಿಗೇ ಬಿಡುತ್ತಾರೆ. ವಿಮರ್ಶೆ ಶುರುವಾಗಬೇಕಾದದ್ದು ಅಲ್ಲಿಂದ.

ಈ ಆಟದಲ್ಲಿ ಅನ್ಯಗ್ರಹದ ಜೀವಿ ಟೆಲಿಫೋನಿನ ಮೂರು ತುಂಡುಗಳನ್ನು ಹಳ್ಳಗಳಲ್ಲಿ ಹುಡುಕಬೇಕು. ಕಾಲು ಗಟ್ಟಿನೆಲದ ಮೇಲಿದ್ದರೂ ತಲೆ ಹಳ್ಳದ ಚಿತ್ರಕ್ಕೆ ತಾಗಿದರೆ ಸಾಕು, ಬಿದ್ದಂತೆಯೇ ಲೆಕ್ಕ. ಕಷ್ಟಪಟ್ಟು ಮೇಲೆ ಬಂದವನು ಮತ್ತೆ ಅದೇ ಹಳ್ಳಕ್ಕೆ! ಕರಿಹಲಗೆಯ ಮೇಲೆ ಇದನ್ನು ಬರೆದು ತೋರಿಸಿದಾಗ ಹುಡುಗಿಯೊಬ್ಬಳು ಕೇಳಿದಳು: “ಸರ್, ಕಷ್ಟದ ಆಟಗಳೂ ಬೀಳಿಸ್ತಾವಲ್ಲ?” ಪಾಠದ ತಿರುಳೇ ಈ ಪ್ರಶ್ನೆ. ಒಳ್ಳೆಯ ಕಷ್ಟದ ಆಟದಲ್ಲಿ ಬಿದ್ದವನಿಗೆ ತನ್ನ ತಪ್ಪು ಕಾಣುತ್ತದೆ, ಇಲ್ಲಿ ಕಾಣುವುದಿಲ್ಲ. ನೋಟ್‌ಬುಕ್ಕಿನಲ್ಲಿ ‘ಸುಧಾರಿಸಬೇಕು’ ಎಂದಷ್ಟೇ ಗೀಚುವ ಶಿಕ್ಷಕರಿಗೂ ಈ ಮಾತು ಸಲ್ಲುತ್ತದೆ.

ಆಟ ರೂಪಿಸಿದ ಹೋವರ್ಡ್ ಸ್ಕಾಟ್ ವಾರ್ಷಾಗೆ ಸಿಕ್ಕಿದ್ದು ಸುಮಾರು ಐದು ವಾರ. ಇದನ್ನು ಕೊನೆಗೆ ಹೇಳಿದೆ. ಮೊದಲೇ ಹೇಳಿದರೆ ಮಕ್ಕಳು ಆಟವನ್ನು ಬಿಟ್ಟು ಮನುಷ್ಯನನ್ನು ಅಳೆಯತೊಡಗುತ್ತಾರೆ. ನ್ಯೂ ಮೆಕ್ಸಿಕೋದ ಕಸದ ಗುಂಡಿಯಲ್ಲಿ ಹೂತಿದ್ದ ಕಾರ್ಟ್ರಿಜ್‌ಗಳನ್ನು 2014ರಲ್ಲಿ ಅಗೆದು ತೆಗೆದ ಕಥೆ ತರಗತಿಗೆ ಬಲು ರುಚಿಸಿತು. ಆದರೆ ಅದು ಸುದ್ದಿ, ವಿಮರ್ಶೆಯಲ್ಲ.

ಮನೆಗೆಲಸ: ನೀವು ಅರ್ಧಕ್ಕೆ ಬಿಟ್ಟ ಆಟ ಯಾವುದು? ಬಿಟ್ಟ ಗಳಿಗೆಯಲ್ಲಿ ಪರದೆಯ ಮೇಲೆ ಏನಾಯಿತು? ಐದು ವಾಕ್ಯ. ‘ಬೋರು’ ಎಂಬ ಪದ ಬಳಸುವಂತಿಲ್ಲ.