ಬಾಡಿಗೆ ಮನೆ ರಿಪೇರಿ: ಮೊದಲ ದುಡ್ಡು ನೀರು ಬೀಳೋ ಜಾಗಕ್ಕೆ

ಧಾರವಾಡ: ಸಪ್ತಾಪುರದ ಕಡೆ ವಿದ್ಯಾರ್ಥಿಗಳು ರೂಮ್ ಖಾಲಿ ಮಾಡಿದ ಕೂಡಲೇ ಮಾಲೀಕರು ಮೊದಲು ಮಾಡಿಸೋದು ಪೇಂಟ್. ಆದ್ರೆ ಬಾತ್‌ರೂಮ್ ಸೋರುತ್ತಿದ್ದರೆ ಆ ಗೋಡೆಯ ಬಣ್ಣ ಬೇಗನೆ ಉಬ್ಬಿ ಉದುರುತ್ತದೆ. ಹಾಗಾಗಿ ಮೊದಲು ಸೋರಿಕೆ ನಿಲ್ಲಿಸಿ.

ಬಾತ್‌ರೂಮ್: ಟೈಲ್ಸ್‌ಗೂ ಮೊದಲೇ ವಾಟರ್‌ಪ್ರೂಫಿಂಗ್ ಮಾಡಿಸಿ, 24 ಗಂಟೆ ನೀರು ನಿಲ್ಲಿಸಿ ಪರೀಕ್ಷಿಸಿ. ಸಂದಿಗೆ ವೈಟ್ ಸಿಮೆಂಟ್ ಬದಲು ಎಪಾಕ್ಸಿ ತುಂಬಿಸಿ.

ಬಾಗಿಲು: ಪ್ಲೈವುಡ್ ಆದರೆ ಕೆಳಗಿಂದ ಕೊಳೆಯುತ್ತೆ. ಪಿವಿಸಿ ಸಾಕು.

ನಳ: ಹಿತ್ತಾಳೆಯದ್ದೇ ಹಾಕಿಸಿ. ಸೋರಿದರೆ ವಾಷರ್ ಬದಲಿಸಿದರಾಯ್ತು.

ಉಳಿತಾಯ ಎಲ್ಲಿ?: ರೂಮಿನ ಹಳೆ ನೆಲ ಗಟ್ಟಿ ಇದ್ದರೆ ಕೀಳಬೇಡಿ. ಪಿಒಪಿ ಸೀಲಿಂಗ್ ಬೇಡ.

ಗೋಡೆ: ಡಿಸ್ಟೆಂಪರ್ ಬದಲು, ಒದ್ದೆ ಬಟ್ಟೆಯಲ್ಲಿ ಒರೆಸಬಹುದಾದ ಎಮಲ್ಷನ್ ಹೊಡೆಸಿ. ಪೇಂಟ್ ಹೆಸರಲ್ಲಿ ಹುಡುಗರ ಡಿಪಾಜಿಟ್ ಮುರಿದುಕೊಳ್ಳೋ ಜಗಳವೂ ಕಡಿಮೆಯಾಗುತ್ತೆ.