ಕಾಣದ ಲೋಕದ ಆದಿಜೀವಿ: ಅದನ್ನು ಕಲ್ಪಿಸುವ ಬಗೆ

ಬೇರೊಂದು ಗ್ರಹದ ಜೀವಿ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವ ಚಿತ್ರ ಬಹುಮಟ್ಟಿಗೆ ಒಂದೇ: ದೊಡ್ಡ ತಲೆ, ಸಣ್ಣ ಮೈ, ಹಸಿರು ಬಣ್ಣ, ಎರಡು ಕಣ್ಣು, ಎರಡು ಕೈ. ನೋಡಹೋದರೆ ಅದು ನಾಟಕದ ವೇಷ ತೊಟ್ಟ ಮನುಷ್ಯನೇ ಸರಿ. ಹಗಲೆಲ್ಲ ಹೋಟೆಲಿನಲ್ಲಿಯೋ ಕಚೇರಿಯಲ್ಲಿಯೋ ದುಡಿದು, ರಾತ್ರಿಯ ಬಿಡುವಿನಲ್ಲಿ ಕಥೆ ಬರೆಯುವ ತರುಣರು ನಮ್ಮ ವಾಚಕರಲ್ಲಿ ಇಲ್ಲದಿಲ್ಲ. ಅಂಥವರೊಬ್ಬರು ಅನ್ಯಗ್ರಹದ ಆದಿಮ ಜೀವಿಗಳನ್ನು ಕುರಿತು ಬರೆಯಹೊರಟರೆ, ಓದುವವನು ನಂಬುವಂತಹ ಜೀವಿಯನ್ನು ಕಲ್ಪಿಸುವುದೆಂತು? ಈ ಪ್ರಶ್ನೆಯನ್ನು ಇಂದು ತುಸು ವಿಚಾರಿಸೋಣ.

ಮೊದಲು ಲೋಕ, ಆಮೇಲೆ ಜೀವಿ. ಇದೇ ಇಲ್ಲಿಯ ಮೂಲಸೂತ್ರ. ಅಮೇರಿಕದ ಲೇಖಕ ಹಾಲ್ ಕ್ಲೆಮೆಂಟ್ 1953ರಲ್ಲಿ ಪ್ರಕಟಿಸಿದ ‘ಮಿಷನ್ ಆಫ್ ಗ್ರಾವಿಟಿ’ ಎಂಬ ಕಾದಂಬರಿ ಇದಕ್ಕೆ ಒಳ್ಳೆಯ ನಿದರ್ಶನ. ಆತ ಕಲ್ಪಿಸಿದ ಮೆಸ್ಕ್ಲಿನ್ ಗ್ರಹದ ನಡುಭಾಗದಲ್ಲಿ ಗುರುತ್ವವು ನಮ್ಮ ಭೂಮಿಯದರ ಮೂರು ಪಟ್ಟು. ಧ್ರುವಗಳಲ್ಲಿ ನೂರಾರು ಪಟ್ಟು. ಅಂತಹ ನೆಲದಲ್ಲಿ ಎದ್ದು ನಿಲ್ಲುವವನ ಗತಿ ಏನಾದೀತು? ಆದುದರಿಂದಲೇ ಅಲ್ಲಿಯ ಜೀವಿಗಳು ಕಂಬಳಿಹುಳುವಿನಂತೆ ಉದ್ದವಾಗಿ, ಅನೇಕ ಕಾಲುಗಳುಳ್ಳವಾಗಿ, ನೆಲಕ್ಕೆ ಅಂಟಿಕೊಂಡು ನಡೆಯುತ್ತವೆ. ಗೇಣುದ್ದ ಬಿದ್ದರೂ ಸಾವು ಖಂಡಿತವಾದ್ದರಿಂದ ಎತ್ತರವೆಂದರೆ ಅವುಗಳಿಗೆ ಪ್ರಾಣಭಯ. ಮೈ ಮಾತ್ರವಲ್ಲ, ಮನಸ್ಸೂ ನೆಲದ ಗುಣದಿಂದಲೇ ರೂಪುಗೊಂಡಿತೆಂಬುದನ್ನು ಗಮನಿಸಬೇಕು.

ಗಾತ್ರಕ್ಕೂ ನಿಯಮವುಂಟು. 1638ರಷ್ಟು ಹಿಂದೆಯೇ ಗೆಲಿಲಿಯೋ ಇದನ್ನು ವಿವರಿಸಿದ್ದನು. ಪ್ರಾಣಿಯೊಂದನ್ನು ಉದ್ದಗಲ ಎತ್ತರಗಳಲ್ಲಿ ಎರಡರಷ್ಟು ಮಾಡಿದರೆ ಅದರ ಭಾರ ಎಂಟರಷ್ಟಾಗುತ್ತದೆ. ಆದರೆ ಭಾರವನ್ನು ಹೊರುವ ಎಲುಬಿನ ಬಲ ನಾಲ್ಕರಷ್ಟು ಮಾತ್ರ ಆಗುತ್ತದೆ. ಇರುವೆಯನ್ನು ಆನೆಯಷ್ಟು ಹಿಗ್ಗಿಸಿದ ಕಥೆಗಾರನು ಮರುಕ್ಷಣವೇ ಅದು ಕಾಲು ಮುರಿದುಕೊಂಡು ಬಿದ್ದುದನ್ನೂ ಬರೆಯಬೇಕಾದೀತು!

ಇನ್ನು ವಿಚಿತ್ರ ರೂಪಗಳಿಗಾಗಿ ಆಕಾಶದತ್ತ ನೋಡಬೇಕಾಗಿಯೇ ಇಲ್ಲ. ನಮ್ಮ ಭೂಮಿಯ ಪುರಾತನ ಶಿಲೆಗಳಲ್ಲಿಯೇ ಅವು ಬೇಕಾದಷ್ಟಿವೆ. ಸುಮಾರು 30 ಕೋಟಿ ವರ್ಷಗಳ ಹಿಂದಿನ ಕಲ್ಲಿದ್ದಲ ಕಾಡುಗಳಲ್ಲಿ ಎರಡಡಿಗೂ ಮಿಕ್ಕಿ ರೆಕ್ಕೆ ಚಾಚುತ್ತಿದ್ದ, ಏರೋಪ್ಲೇನ್ ಚಿಟ್ಟೆಯನ್ನು ಹೋಲುವ ಕೀಟಗಳಿದ್ದವು. ಆಗಿನ ಗಾಳಿಯಲ್ಲಿ ಆಮ್ಲಜನಕ ಇಂದಿನ ಪ್ರಮಾಣವಾದ ನೂರಕ್ಕೆ 21 ಭಾಗಕ್ಕಿಂತ ಹೆಚ್ಚಾಗಿತ್ತು. ಆ ಗಾತ್ರಕ್ಕೆ ಅದೂ ಒಂದು ಕಾರಣವೆಂದು ಅನೇಕ ವಿಜ್ಞಾನಿಗಳ ಅಭಿಪ್ರಾಯ. ಕೆನಡಾ ದೇಶದ ಪರ್ವತಗಳಲ್ಲಿ 1909ರಲ್ಲಿ ಚಾರ್ಲ್ಸ್ ವಾಲ್ಕಾಟ್ ಕಂಡುಹಿಡಿದ ಬರ್ಜೆಸ್ ಶಿಲೆಗಳು 50 ಕೋಟಿ ವರ್ಷಗಳಿಗೂ ಹಳೆಯವು. ಅವುಗಳಲ್ಲಿ ದೊರೆತ ಓಪಾಬೀನಿಯ ಎಂಬ ಸಮುದ್ರಜೀವಿಗೆ ಐದು ಕಣ್ಣು. ಮುಂದೆ ಸೊಂಡಿಲು, ಸೊಂಡಿಲ ತುದಿಯಲ್ಲಿ ಇಕ್ಕಳ. 1972ರಲ್ಲಿ ಹ್ಯಾರಿ ವಿಟಿಂಗ್ಟನ್ ಆಕ್ಸ್‌ಫರ್ಡಿನ ವಿದ್ವತ್ಸಭೆಯಲ್ಲಿ ಇದರ ಚಿತ್ರವನ್ನು ತೋರಿಸಿದಾಗ ಪಂಡಿತರೇ ಗೊಳ್ಳೆಂದು ನಕ್ಕರಂತೆ. ಆದರೆ ನಕ್ಕುದರಿಂದ ಆ ಪ್ರಾಣಿ ಇಲ್ಲವಾಗಲಿಲ್ಲ.

ಹಾಗೆಂದು ಮನಬಂದಂತೆ ಅವಯವಗಳನ್ನು ಜೋಡಿಸುವಂತೆಯೂ ಇಲ್ಲ. ಶಾರ್ಕ್ ಮೀನು, ಲುಪ್ತವಾದ ಇಕ್ತಿಯೋಸಾರ್ ಎಂಬ ಸರೀಸೃಪ, ಮೊಲೆಯುಣಿಸುವ ಡಾಲ್ಫಿನ್, ಇವು ಮೂರೂ ಬೇರೆ ಬೇರೆ ಕುಲದವು. ಆದರೂ ನೀರನ್ನು ಸೀಳಿ ವೇಗವಾಗಿ ಈಜಬೇಕಾದುದರಿಂದ ಮೂರರ ಆಕಾರವೂ ಬಹುಮಟ್ಟಿಗೆ ಒಂದೇ ಆಗಿದೆ. ಅನ್ಯಗ್ರಹದ ಕಡಲಿನಲ್ಲಿಯೂ ವೇಗದ ಬೇಟೆಗಾರನು ಇದೇ ರೂಪವನ್ನು ತಾಳಿದರೆ ಆಶ್ಚರ್ಯವಿಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ಹೊಟ್ಟೆಯ ಪ್ರಶ್ನೆ. ಇದನ್ನು ನಮ್ಮ ಹೋಟೆಲು ಬಂಧುಗಳಿಗೂ ಗುಮಾಸ್ತ ಮಿತ್ರರಿಗೂ ಬಿಡಿಸಿ ಹೇಳಬೇಕಾಗಿಲ್ಲ. ನಿಸರ್ಗದಲ್ಲಿಯೂ ಜಮಾ-ಖರ್ಚಿನ ಖಾತೆಯುಂಟು. ಹುಲ್ಲಿನಲ್ಲಿರುವ ಶಕ್ತಿಯಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಮಾತ್ರ ಜಿಂಕೆಯ ಮೈಗೂಡುತ್ತದೆ. ಜಿಂಕೆಯಿಂದ ಹುಲಿಗೂ ಅಷ್ಟೇ. ಆದುದರಿಂದ ಒಂದು ಹುಲಿ ಬಾಳಬೇಕಾದರೆ ಕಾಡಿನಲ್ಲಿ ನೂರಾರು ಜಿಂಕೆಗಳಿರಬೇಕು. ಬುದ್ಧಿಯೂ ಪುಕ್ಕಟೆಯಾಗಿ ಬರುವುದಿಲ್ಲ. ಮನುಷ್ಯನ ಮಿದುಳು ಮೈಭಾರದಲ್ಲಿ ನೂರಕ್ಕೆ ಎರಡು ಭಾಗವಾದರೂ, ವಿಶ್ರಾಂತಿಯಲ್ಲಿರುವ ದೇಹ ವ್ಯಯಿಸುವ ಶಕ್ತಿಯಲ್ಲಿ ನೂರಕ್ಕೆ ಇಪ್ಪತ್ತು ಭಾಗವನ್ನು ಕಬಳಿಸುತ್ತದೆ. ಕಥೆಯ ಜೀವಿ ಬುದ್ಧಿವಂತನಾಗಿದ್ದರೆ, ಅವನು ಏನನ್ನು ಉಣ್ಣುತ್ತಾನೆ, ಅದು ಎಲ್ಲಿ ದೊರೆಯುತ್ತದೆ, ಅದಕ್ಕಾಗಿ ಯಾರೊಡನೆ ಹೋರಾಡುತ್ತಾನೆ ಎಂಬುದನ್ನು ಕರ್ತೃವು ಬಲ್ಲವನಾಗಿರಬೇಕು.

ಕೊನೆಯದಾಗಿ, ‘ಆದಿಮ’ ಎಂಬ ಮಾತಿನ ವಿಚಾರ. ನಮ್ಮ ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯಲ್ಲಿ ಇಸಾಂಪುರವೆಂಬ ಗ್ರಾಮವಿದೆ. ಪುಣೆಯ ಡೆಕ್ಕನ್ ಕಾಲೇಜಿನ ಪ್ರೊಫೆಸರ್ ಕೆ. ಪದ್ದಯ್ಯನವರು ಅಲ್ಲಿ ನಡೆಸಿದ ಉತ್ಖನನದಲ್ಲಿ ಸುಮಾರು 12 ಲಕ್ಷ ವರ್ಷಗಳ ಹಿಂದಿನ ಕಲ್ಲಿನ ಆಯುಧಗಳು ದೊರೆತವು. ಆ ಪುರಾತನರು ನೀರಿನ ಆಸರೆಯ ಬಳಿ, ಒಳ್ಳೆಯ ಸುಣ್ಣಗಲ್ಲಿನ ಹಾಸುಬಂಡೆಗಳು ತಾವಾಗಿಯೇ ದೊರೆಯುವ ಎಡೆಯನ್ನು ಆರಿಸಿ, ಅಲ್ಲಿಯೇ ಕೊಡಲಿಗಳನ್ನು ಕಡೆದರು. ಯಾವ ಕಲ್ಲು ಹೇಗೆ ಒಡೆಯುವುದೆಂದು ಅವರು ಬಲ್ಲವರಾಗಿದ್ದರು. ಇಂಥವರನ್ನು ಮಂಕರೆನ್ನುವುದು ನಮ್ಮ ಅಜ್ಞಾನವೇ ಆದೀತು. ಕಥೆಯ ಆದಿಜೀವಿಯೂ ತನ್ನ ನೆಲದ ಮಟ್ಟಿಗೆ ಜಾಣನೇ ಆಗಿರಬೇಕು. ಇಲ್ಲವಾದರೆ ಅವನ ವಂಶ ಅಷ್ಟು ಕಾಲ ಬದುಕಿ ಉಳಿಯುತ್ತಿರಲಿಲ್ಲ.

ಊರು ಬಿಟ್ಟು ಪರಸ್ಥಳದಲ್ಲಿ ಬಾಳುವ ನಮಗೆ ಈ ಮಾತು ಬೇಗನೆ ಹಿಡಿಸೀತು. ನಮ್ಮ ನುಡಿ, ಊಟ, ಉಡುಪುಗಳನ್ನು ಕಂಡು ನಕ್ಕವರು ಇದ್ದಾರೆ. ಹೊಸದಾಗಿ ಬಂದ ಇನ್ನೊಬ್ಬನನ್ನು ಕಂಡು ನಾವೂ ನಕ್ಕಿಲ್ಲವೆಂದು ಹೇಳುವಂತಿಲ್ಲ. ಇದು ಯಾವ ನೆಲದಲ್ಲಿ, ಯಾವ ಕಾರಣಕ್ಕಾಗಿ ಹೀಗಾಯಿತು ಎಂದು ಕೇಳಲು ಕಲಿತವನು ಸುಲಭವಾಗಿ ನಗಲಾರನು. ಅಂತಹ ಪ್ರಶ್ನೆಯಿಂದ ಒಳ್ಳೆಯ ಕಥೆಯೂ ಹುಟ್ಟೀತು, ಒಳ್ಳೆಯ ನೆರೆಹೊರೆಯೂ ಬೆಳೆದೀತು. ನಮ್ಮ ತರುಣರು ಲೇಖನಿ ಹಿಡಿಯಲಿ.